1976ರ ಜಿಎಂಸಿ ಮೋಟರ್‌ಹೋಮ್: ಹಿಂದಿನ ಏರ್ ಬ್ಯಾಗ್ ಎರಡರ ಜಾಗದಲ್ಲಿ ನಾಲ್ಕು ಹಾಕಿಸಬೇಕೇ?

ನೀವು ಕೇಳಿರುವುದರ ಸಾರ ಇಷ್ಟು. 26 ಅಡಿಯ ಹಳೆಯ ಜಿಎಂಸಿ, ಅಂದರೆ ಒಳಗೇ ಉಳಿದುಕೊಳ್ಳುವ ಮನೆಗಾಡಿ, ಕೊಂಡಿದ್ದೀರಿ. ಅದರ ಹಿಂಬದಿಯ ಭಾರವನ್ನು ಸ್ಪ್ರಿಂಗಿನ ಬದಲು ಏರ್ ಬ್ಯಾಗ್ ಅನ್ನುವ ರಬ್ಬರಿನ ಗಾಳಿಚೀಲಗಳು ಹೊರುತ್ತವೆ. ಸಂಜೆ ನೆಟ್ಟಗೆ ನಿಂತಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಹಿಂದೆ ಬಲಗಡೆ ಕುಸಿದಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕುಣಿಯುತ್ತದೆ. ಅಕ್ಟೋಬರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅಮೆರಿಕದ ಸ್ಮೋಕಿ ಬೆಟ್ಟಗಳ ಕಡೆ ಹೋಗುವ ಯೋಚನೆಯಿದೆ. ನಾಲ್ಕು ಬ್ಯಾಗಿನ ಕಿಟ್, ಗಾಳಿ ತುಂಬುವ ಹೊಸ ಕಂಪ್ರೆಸರ್, ಗಾಡಿ ಏರಿಸಿ ಇಳಿಸುವ ರಿಮೋಟ್ ಎಲ್ಲ ಒಟ್ಟಿಗೆ ಹಾಕಿಸಿಬಿಡಲೇ ಅಂತ ಪ್ರಶ್ನೆ.

ಕುಸಿತಕ್ಕೆ ಕಿಟ್ ಬೇಡ. ಕುಣಿತಕ್ಕೆ ಬೇಕಾಗಬಹುದು. ಇವೆರಡೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ಕೊಡಲು ಹೋದರೆ ದುಡ್ಡೂ ಹೋಗುತ್ತದೆ, ಗಾಡಿ ಬೆಳಗ್ಗೆ ಕುಸಿಯುವುದೂ ನಿಲ್ಲುವುದಿಲ್ಲ. ನಾನಿರುವುದು ಮಿಶಿಗನ್‌ನಲ್ಲಿ, ಈ ಗಾಡಿಗಳು ಹುಟ್ಟಿದ ಪಾಂಟಿಯಾಕ್ ಊರಿನಿಂದ ತುಂಬಾ ದೂರವೇನಲ್ಲ. ನನ್ನ ಬಳಿ ಇರುವುದು 1975ರದು, ಹಿಂಬದಿಯ ವ್ಯವಸ್ಥೆ ನಿಮ್ಮದರದ್ದೇ ಜಾತಿ.

ಈ ಗಾಡಿ ಗೊತ್ತಿಲ್ಲದೆ ಓದುತ್ತಿರುವವರಿಗೆ ಎರಡು ಮಾತು. 1973ರಿಂದ 1978ರವರೆಗೆ ಜನರಲ್ ಮೋಟರ್ಸ್ ಇಂಥವನ್ನು ಸುಮಾರು 13,000 ಮಾಡಿತು, ಆಮೇಲೆ ಕೈಬಿಟ್ಟಿತು. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ಅನ್ನು ಇಡಿಯಾಗಿ ಮುಂದಕ್ಕೆ ಕೂರಿಸಿದ್ದಾರೆ, ಎಳೆಯುವುದು ಮುಂದಿನ ಚಕ್ರಗಳೇ. ಹೀಗಾಗಿ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಅಡ್ಡಕ್ಕೆ ಆಕ್ಸಲ್ ಇಲ್ಲ, ನೆಲಹಾಸು ರಸ್ತೆಗೆ ಅಷ್ಟು ಹತ್ತಿರ. ಮುಂದಕ್ಕೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು. ಹಿಂದೆ ಪ್ರತಿ ಬದಿಗೂ ಒಂದರ ಹಿಂದೊಂದು ಎರಡು ಚಕ್ರ, ಆ ಎರಡಕ್ಕೂ ಸೇರಿ ಒಂದೇ ಏರ್ ಬ್ಯಾಗ್.

ಆ ಒಂದು ಬ್ಯಾಗ್ ಕೂತಿರುವ ರೀತಿಯಲ್ಲೇ ಎಲ್ಲ ಗುಟ್ಟೂ ಇದೆ. ಎರಡು ಚಕ್ರಗಳ ನಡುವೆ ಫ್ರೇಮಿಗೆ ಬಿಗಿದ ಪಿನ್ನುಗಳಿವೆ. ಅಲ್ಲಿಂದ ಒಂದು ತೋಳು ಮುಂದಕ್ಕೆ ಚಾಚಿ ನಡುಚಕ್ರವನ್ನು ಹಿಡಿದಿದೆ, ಇನ್ನೊಂದು ತೋಳು ಹಿಂದಕ್ಕೆ ಚಾಚಿ ಕೊನೆಯ ಚಕ್ರವನ್ನು ಹಿಡಿದಿದೆ. ಎರಡೂ ತೋಳುಗಳ ಮೇಲ್ತುದಿಗಳ ನಡುವೆ ಬ್ಯಾಗ್ ಅಡ್ಡಕ್ಕೆ ಮಲಗಿದೆ. ಒಂದು ದಿಂಬನ್ನು ನಡುವೆ ಹಿಡಿದು ಇಬ್ಬರು ಮಕ್ಕಳು ಎದುರುಬದುರು ತಳ್ಳುತ್ತಿದ್ದಾರೆ ಅಂದುಕೊಳ್ಳಿ. ಒಬ್ಬ ಜೋರಾಗಿ ತಳ್ಳಿದರೆ ಆ ಜೋರು ಇನ್ನೊಬ್ಬನಿಗೆ ಹಾಗೇ ದಾಟುತ್ತದೆ. ನಡುಚಕ್ರ ಗುಂಡಿಯ ಅಂಚು ಹತ್ತಿದರೆ ಬ್ಯಾಗ್ ಹಿಂದಕ್ಕೆ ಸರಿದು ಕೊನೆಯ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ, ಬಾಡಿ ಮೇಲೇಳುವುದು ಉಬ್ಬಿನ ಅರ್ಧದಷ್ಟು ಮಾತ್ರ. ಎರಡು ಚಕ್ರದ ಮೇಲೂ ಭಾರ ಸಮ. ಐವತ್ತು ವರ್ಷದ ಹಿಂದಿನ ಎಂಜಿನಿಯರುಗಳ ಈ ಬುದ್ಧಿವಂತಿಕೆಗೆ ನಾನು ಇವತ್ತಿಗೂ ಮನಸೋತವನು. ಅದಕ್ಕೇ, ಇದನ್ನು ಕಿತ್ತು ಬೇರೆಯದು ಹಾಕುತ್ತೇನೆ ಅಂದವರನ್ನು ಒಮ್ಮೆ ತಡೆದು ಮಾತಾಡಿಸಬೇಕು ಅನ್ನಿಸುತ್ತದೆ.

ಮೊದಲು ಕುಸಿತ. ಗಾಳಿ ಎಲ್ಲೋ ಸೋರುತ್ತಿದೆ, ಅಷ್ಟೇ. ಬಹಳ ಸಲ ಸೋರುವುದು ಬ್ಯಾಗಿನಲ್ಲಲ್ಲ. ಹಳೆಯ ಪೈಪು, ಅದರ ಜೋಡಣೆಗಳು, ಎತ್ತರ ಸರಿಪಡಿಸುವ ಹೈಟ್ ಕಂಟ್ರೋಲ್ ವಾಲ್ವ್, ಗಾಳಿ ವಾಪಸು ಹೋಗದಂತೆ ತಡೆಯುವ ಚೆಕ್ ವಾಲ್ವ್, ಇವುಗಳಲ್ಲಿ. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ: ಗಾಡಿ ಚಕ್ರದ ಮೇಲೆ ನಿಂತಿರುವಾಗ ಪ್ರೆಶರ್ ಗೇಜ್ ನೋಡಿ ಸೋರಿಕೆ ಹಿಡಿಯಲಾಗದು. ಬ್ಯಾಗಿನೊಳಗಿನ ಒತ್ತಡವನ್ನು ತೀರ್ಮಾನಿಸುವುದು ಮೇಲಿರುವ ಭಾರ. ಗಾಳಿ ಸೋರಿದರೆ ಗಾಡಿ ಕೆಳಗಿಳಿಯುತ್ತದೆ, ಗೇಜಿನ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಹಾಗಾಗಿ ಅಳೆಯಬೇಕಾದ್ದು ಎತ್ತರ. ಫ್ರೇಮಿನಲ್ಲಿ ಅಳತೆಗೆಂದೇ ಸೀಳುಗಳಿವೆ, ಅಲ್ಲಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಕಂಪನಿಯ ಲೆಕ್ಕ ಹಿಂದಕ್ಕೆ 11 ಇಂಚು ಮತ್ತು 11/16, ಮುಂದಕ್ಕೆ 13 ಇಂಚು ಮತ್ತು 1/8. ಸಮತಟ್ಟಾದ ಕಾಂಕ್ರೀಟ್ ನೆಲ ಇರಲಿ, ಟೈರಿನ ಗಾಳಿ ಮೊದಲು ಸರಿಮಾಡಿ.

ಇನ್ನೊಂದು, ಚಳಿ. ಮಧ್ಯಾಹ್ನ 30 ಡಿಗ್ರಿ ಇದ್ದದ್ದು ರಾತ್ರಿ 5 ಡಿಗ್ರಿಗೆ ಇಳಿದರೆ ಬ್ಯಾಗಿನೊಳಗಿನ ಗಾಳಿ ಒಂದು ತೂತೂ ಇಲ್ಲದೆ ಶೇ. 8ರಷ್ಟು ಕುಗ್ಗುತ್ತದೆ. ಗಾಡಿ ತುಸು ಇಳಿಯುವುದು ಸಹಜ. ಆದರೆ ಎರಡೂ ಕಡೆ ಒಂದೇ ಸಮ ಇಳಿಯಬೇಕು. ನಿಮ್ಮದು ಬಲಗಡೆ ಮಾತ್ರ ಅಂದಿದ್ದೀರಿ, ಆದ್ದರಿಂದ ಚಳಿಯ ತಲೆಗೆ ಕಟ್ಟುವ ಹಾಗಿಲ್ಲ.

ಪತ್ತೆ ಹಚ್ಚುವ ದಾರಿ ಸುಲಭ. ಬಲಬದಿಯ ಬ್ಯಾಗಿಗೆ ಬರುವ ಪೈಪನ್ನು ಬಿಚ್ಚಿ, ಅಲ್ಲಿ ಟೈರಿಗೆ ಇರುವಂಥದೇ ಮೂತಿ ಹಾಕಿ, ಹೊರಗಿನ ಪಂಪಿನಿಂದ ಗಾಳಿ ತುಂಬಿಸಿ ಸರಿಯಾದ ಎತ್ತರಕ್ಕೆ ತನ್ನಿ. ಒಂದೆರಡು ರಾತ್ರಿ ಬಿಡಿ. ನಿಂತಿತೋ, ಬ್ಯಾಗ್ ಗಟ್ಟಿ, ಕಳ್ಳ ಪೈಪಿನ ಕಡೆ ಇದ್ದಾನೆ. ಸೋಪಿನ ನೀರು ಹಚ್ಚುತ್ತಾ ಜೋಡಣೆಯಿಂದ ಜೋಡಣೆಗೆ ಹೋಗಿ. ನಿಲ್ಲಲಿಲ್ಲವೋ, ಬ್ಯಾಗ್ ಬದಲಿಸಿ, ಒಂದನ್ನಲ್ಲ, ಎರಡೂ ಕಡೆಯದನ್ನು. ಸೋರದಿದ್ದರೂ ರಬ್ಬರಿನ ಮಡಿಕೆಯಲ್ಲಿ ಬಿರುಕು ಕಾಣಿಸಿ ಒಳಗಿನ ದಾರ ಇಣುಕುತ್ತಿದ್ದರೆ ಅದು ಮುಗಿದ ಬ್ಯಾಗ್. ಸುಮಾರು 100 ಪಿಎಸ್‌ಐ ಗಾಳಿ ಹಿಡಿದಿರುವ ವಸ್ತು ಅದು, ಹೆದ್ದಾರಿಯಲ್ಲಿ ಒಡೆದರೆ ಆ ಮೂಲೆ ಒಮ್ಮೆಗೇ ಕೆಳಗೆ ಬೀಳುತ್ತದೆ. ಮೂಲ ಅಳತೆಯ ಬ್ಯಾಗ್‌ಗಳು ಹೊಸದಾಗಿ ಈಗಲೂ ಸಿಗುತ್ತವೆ. ಕೊಳ್ಳುವಾಗ ತಯಾರಾದ ವರ್ಷ ಕೇಳಿ, ಅಂಗಡಿಯ ಅಟ್ಟದಲ್ಲಿ ಮುದಿಯಾದ ‘ಹೊಸ’ ಮಾಲನ್ನು ಮುಟ್ಟಬೇಡಿ.

ಪೈಪಿಗೆ ಲಾರಿಗಳ ಏರ್ ಬ್ರೇಕಿಗೆ ಬಳಸುವ ನೈಲಾನ್ ಪೈಪೇ ಹಾಕಿ. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪೈಪು ಸೈಲೆನ್ಸರ್ ಬಿಸಿಗೆ ಮೆತ್ತಗಾಗುತ್ತದೆ. ತುದಿಯನ್ನು ಕಟ್ಟರಿನಿಂದ ನೇರವಾಗಿ ಕತ್ತರಿಸಬೇಕು, ಚಾಕುವಿನಲ್ಲಿ ಓರೆಯಾಗಿ ಕೊಯ್ದರೆ ಒತ್ತಿ ಕೂರಿಸುವ ಜೋಡಣೆ ಸೋರದೇ ಇರದು. ಕಂಪ್ರೆಸರ್ ವಿಚಾರದಲ್ಲಿ ನಿಮ್ಮ ಆಸೆಗೆ ನಾನು ಅಡ್ಡ ಬರುವುದಿಲ್ಲ. ಈಗಿನ 12 ವೋಲ್ಟಿನವು ಸದ್ದು ಕಮ್ಮಿ, ಬಿಡಿಭಾಗ ಸಿಗುತ್ತದೆ. ಜೊತೆಗೆ ಸಣ್ಣದೊಂದು ಟ್ಯಾಂಕ್, ನೀರು ಹೀರುವ ಡ್ರೈಯರ್, ಪ್ರತಿ ಬದಿಗೂ ಬೇರೆ ಚೆಕ್ ವಾಲ್ವ್ (ಒಂದು ಕಡೆ ಸೋರಿದರೆ ಇನ್ನೊಂದು ಕಡೆಯದೂ ಖಾಲಿಯಾಗಬಾರದು), ಸರಿಯಾದ ರಿಲೇ ಮತ್ತು ಫ್ಯೂಸ್. ಡ್ರೈಯರ್ ಬಿಟ್ಟರೆ ನಮ್ಮ ಕಡೆಯ ಜನವರಿಯಲ್ಲಿ ವಾಲ್ವಿನೊಳಗಿನ ತೇವ ಮಂಜುಗಡ್ಡೆಯಾಗಿ ಕೂರುತ್ತದೆ. ಬ್ಯಾಗಿನ ಹತ್ತಿರವೇ ಕೈಯಿಂದ ತಿರುಗಿಸುವ ಒಂದೊಂದು ಮುಚ್ಚುವ ವಾಲ್ವ್ ಹಾಕಿಸಿ. ವಾರಗಟ್ಟಲೆ ನಿಲ್ಲಿಸುವಾಗ ಮುಚ್ಚಿಬಿಟ್ಟರೆ ಮಿಕ್ಕೆಲ್ಲ ಜೋಡಣೆಗಳ ಚಿಂತೆ ತಪ್ಪುತ್ತದೆ.

ಸಾಮಾನು ತರಿಸುವ ಮೊದಲು ನಿಮ್ಮ ಗಾಡಿಯಲ್ಲಿ ಯಾವ ತಲೆಮಾರಿನ ನಿಯಂತ್ರಣ ಇದೆ ಅಂತ ಕೆಳಗೆ ತೂರಿ ನೋಡಿ. ಹಳೆಯವುಗಳಲ್ಲಿ ತೋಳಿಗೆ ಕಡ್ಡಿ ಜೋಡಿಸಿದ ಯಾಂತ್ರಿಕ ವಾಲ್ವ್, ಕೊನೆಯ ವರ್ಷಗಳವುಗಳಲ್ಲಿ ವಿದ್ಯುತ್ ಸೆನ್ಸರ್. ಐದು ದಶಕದಲ್ಲಿ ಎಷ್ಟು ಜನ ಮಾಲೀಕರು ಏನೇನು ಬದಲಿಸಿದ್ದಾರೋ, ಪುಸ್ತಕದಲ್ಲಿ ಬರೆದದ್ದೇ ನಿಮ್ಮ ಗಾಡಿಯಲ್ಲಿ ಇರುತ್ತದೆ ಅನ್ನುವ ಭರವಸೆ ಇಲ್ಲ. ರಿಮೋಟ್ ನನ್ನ ಮಟ್ಟಿಗೆ ಶೋಕಿ, ಆದರೆ ಕ್ಯಾಂಪಿನಲ್ಲಿ ಕತ್ತಲಾದ ಮೇಲೆ ಹೊರಗೆ ನಿಂತು ಗಾಡಿ ಮಟ್ಟ ಮಾಡುವಾಗ ಹಿತವಾಗಿರುತ್ತದೆ. ಗ್ಯಾಸಿನ ಹಳೆಯ ಫ್ರಿಜ್ ಇದ್ದರೆ ಮಟ್ಟ ಮಾಡಲೇಬೇಕು, ಓರೆ ನಿಂತರೆ ಅದು ತಣಿಸುವುದಿಲ್ಲ. ತಾನೇ ಎತ್ತರ ಸರಿಪಡಿಸುವ ಎಲೆಕ್ಟ್ರಾನಿಕ್ ಡಬ್ಬಿ ಕೊಳ್ಳುವಿರಾದರೆ ಅದು ಕೆಲವು ಸೆಕೆಂಡು ಕಾದು ಆಮೇಲೆ ಕೆಲಸ ಮಾಡುವಂಥದ್ದಿರಲಿ. ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಒಂದು ಕಡೆ ಗಾಳಿ ತುಂಬಿ ಇನ್ನೊಂದು ಕಡೆ ಬಿಡುತ್ತಾ ಕೂರುತ್ತದೆ.

ಈಗ ಬ್ರೇಕ್ ಕುಣಿತಕ್ಕೆ ಬರೋಣ. ನಾಲ್ಕು ಬ್ಯಾಗಿನ ನಿಜವಾದ ವಾದ ಇರುವುದು ಇಲ್ಲಿ.

ಬ್ರೇಕ್ ಒತ್ತಿದಾಗ ಡ್ರಮ್ಮಿನ ತಿರುಚು ಬಲ ನೇರ ತೋಳಿಗೆ ಹೋಗುತ್ತದೆ, ಯಾಕೆಂದರೆ ಬ್ರೇಕಿನ ತಟ್ಟೆ ಬಿಗಿದಿರುವುದು ತೋಳಿಗೇ. ರಸ್ತೆ ಎರಡೂ ಚಕ್ರಗಳನ್ನು ಹಿಂದಕ್ಕೆ ಎಳೆಯುತ್ತದೆ, ಎರಡೂ ತೋಳುಗಳು ಒಂದೇ ದಿಕ್ಕಿಗೆ ತಿರುಗಲು ನೋಡುತ್ತವೆ. ಮುಂದಕ್ಕೆ ಚಾಚಿದ ತೋಳಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಕ್ಕೆ ಚಾಚಿದ ತೋಳಿನದು ಮೇಲೇಳುತ್ತದೆ. ಇದನ್ನು ತಡೆಯಬೇಕಾದ ಬ್ಯಾಗ್ ಏನು ಮಾಡುತ್ತದೆ? ಎರಡೂ ಮೇಲ್ತುದಿಗಳು ಒಟ್ಟಿಗೇ ಮುಂದಕ್ಕೆ ವಾಲುವುದರಿಂದ ಅದು ಅಮುಕಿಕೊಳ್ಳುವುದೂ ಇಲ್ಲ, ಹಿಗ್ಗುವುದೂ ಇಲ್ಲ, ಅವುಗಳ ಜೊತೆ ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಗುಂಡಿ ಹಾರಿಸುವಾಗ ವರವಾಗಿದ್ದ ಗುಣವೇ ಇಲ್ಲಿ ತಿರುಗಿಬೀಳುತ್ತದೆ. ಭಾರ ಕಳೆದುಕೊಂಡ ಕೊನೆಯ ಚಕ್ರ ಲಾಕ್ ಆಗುತ್ತದೆ, ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ನೀವು ಕಾಣುತ್ತಿರುವ ಕುಣಿತ ಬಹುಮಟ್ಟಿಗೆ ಇದೇ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಇನ್ನೂ ಜೋರು.

ನಾಲ್ಕು ಬ್ಯಾಗಿನ ಕಿಟ್‌ನಲ್ಲಿ ಎರಡು ತೋಳುಗಳ ನಡುವೆ ಫ್ರೇಮಿಗೆ ಬಿಗಿದ ಗಟ್ಟಿ ಆಸರೆಯೊಂದು ಬರುತ್ತದೆ, ಪ್ರತಿ ತೋಳಿಗೂ ತನ್ನದೇ ಬ್ಯಾಗ್. ತೋಳು ಮುಂದಕ್ಕೆ ವಾಲಲು ಹೋದರೆ ಆಸರೆ ತಡೆಯುತ್ತದೆ. ಒಂದು ಬ್ಯಾಗ್ ಒಡೆದರೂ ಆ ಬದಿಯಲ್ಲಿ ಇನ್ನೊಂದು ಉಳಿದಿರುತ್ತದೆ, ರಸ್ತೆ ಪಕ್ಕಕ್ಕೆ ಬರುವಷ್ಟು ಆಸರೆ ಸಿಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಇಳಿಯುವವರಿಗೆ ಇದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಕಳೆದುಕೊಳ್ಳುವುದು ಆ ಭಾರ ಹಂಚುವ ಗುಣವನ್ನು: ಪ್ರತಿ ಚಕ್ರ ತನ್ನ ಉಬ್ಬನ್ನು ತಾನೇ ನುಂಗಬೇಕು, ಒರಟು ರಸ್ತೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮತ್ತೆ, ಆ ನಡುವಿನ ಆಸರೆ ಫ್ರೇಮಿನ ಮೇಲೆ ಹಿಂದೆ ಇಲ್ಲದಿದ್ದ ಕಡೆ ಭಾರ ಹಾಕುತ್ತದೆ. ಉತ್ತರದ ರಾಜ್ಯಗಳಲ್ಲಿ ಓಡಿದ ಗಾಡಿಯಾದರೆ ಚಳಿಗಾಲದ ಉಪ್ಪು ಆ ಜಾಗವನ್ನು ಎಷ್ಟು ತಿಂದಿದೆ ಅಂತ ಸುತ್ತಿಗೆಯಿಂದ ತಟ್ಟಿ ನೋಡದೆ ಒಂದು ಬೋಲ್ಟನ್ನೂ ಹಾಕಬೇಡಿ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ದಾರಿ, ರಿಯಾಕ್ಷನ್ ಆರ್ಮ್. ಬ್ರೇಕಿನ ತಿರುಚನ್ನು ತೋಳಿಗೆ ಬಿಡದೆ ಬೇರೊಂದು ಕಡ್ಡಿಯ ಮೂಲಕ ಫ್ರೇಮಿಗೆ ದಾಟಿಸುವ ಏರ್ಪಾಡು ಅದು, ಸಾಮಾನ್ಯವಾಗಿ ಡಿಸ್ಕ್ ಬ್ರೇಕಿನ ಜೊತೆ ಬರುತ್ತದೆ. ಒಂದೇ ಬ್ಯಾಗಿನ ಮೆತ್ತನೆಯ ನಡೆ ಹಾಗೇ ಉಳಿಯುತ್ತದೆ, ಚಕ್ರ ಮೇಲೇಳುವ ಕಾರಣವೇ ಹೋಗುತ್ತದೆ. ಆದರೆ ಡಿಸ್ಕ್ ಹಾಕಿದ ಮೇಲೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಅದಕ್ಕೆ ಹೊಂದಬೇಕು, ಇಲ್ಲದಿದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಹಳೆಯ ಗಾಡಿಯ ಬ್ರೇಕ್ ತಿಳಿದವರ ಕೈಯಲ್ಲೇ ಮಾಡಿಸಿ.

ಯಾವುದೇ ಕಿಟ್‌ಗೆ ಮೊದಲು ತೋಳುಗಳನ್ನು ಹಿಡಿದಿರುವ ಆ ಪಿನ್ನುಗಳ ಬುಷ್ (ಪಿನ್ನಿನ ಸುತ್ತ ಕೂರುವ ಬಳೆ) ನೋಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ತೋಳು ಕಡಕಡ ಅಂದರೆ, ಗ್ರೀಸ್ ಕಾಣದೆ ಬುಷ್ ಸವೆದಿದೆ. ಸವೆದ ಬುಷ್ ಮೇಲೆ ಎಂಥ ದುಬಾರಿ ಬ್ಯಾಗ್ ಹಾಕಿದರೂ ಟೈರ್ ಒಂದು ಅಂಚಿನಲ್ಲಿ ಸವೆಯುತ್ತಲೇ ಇರುತ್ತದೆ.

ಹಿಂಬದಿ ಸರಿಯಾದ ಮೇಲೆ ಮುಂದಿನ ಎತ್ತರ ಅಳೆಯಿರಿ. ಹಿಂದೆ ಬಲಗಡೆ ಎತ್ತಿದರೆ ಭಾರ ಮುಂದೆ ಎಡಗಡೆಗೆ ಹೋಗುತ್ತದೆ, ಆದ್ದರಿಂದ ಹಿಂದಿನದು ಮೊದಲು, ಮುಂದಿನದು ಆಮೇಲೆ. ಟಾರ್ಷನ್ ಬಾರನ್ನು ಸಡಿಲಿಸಲು ಅದಕ್ಕೆಂದೇ ಇರುವ ಗಟ್ಟಿ ಟೂಲ್ ಬೇಕು. ಸಿಕ್ಕ ಪುಲ್ಲರ್ ಹಾಕಿ ತಿರುಗಿಸಲು ಹೋಗಬೇಡಿ, ಆ ಬಾರ್ ಒಳಗೆ ಕೂಡಿಟ್ಟ ಬಲ ಕೈ ಮುರಿಯುವಷ್ಟಿದೆ. ಹಾಗೆಯೇ ಬ್ಯಾಗಿನ ಗಾಳಿಯನ್ನೇ ನಂಬಿ ಗಾಡಿಯ ಕೆಳಗೆ ತೂರಲೇಬೇಡಿ. ಫ್ರೇಮಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಾಳಿ ಪೂರ್ತಿ ಬಿಟ್ಟು, ಆಮೇಲೆ ಬ್ಯಾಗಿಗೆ ಕೈ ಹಾಕಿ.

ಅಕ್ಟೋಬರಿಗೆ ನಿಮಗಿರುವ ಸಮಯದಲ್ಲಿ ಎಲ್ಲವೂ ಆಗದು. ನಾನಾಗಿದ್ದರೆ ಸೋರಿಕೆ ಪತ್ತೆ, ಹೊಸ ಪೈಪು, ವಯಸ್ಸು ಮೀರಿದ್ದರೆ ಹೊಸ ಬ್ಯಾಗ್, ಶಾಕ್, ಹಿಂದಿನ ಡ್ರಮ್ ಬಿಚ್ಚಿ ಲೈನಿಂಗ್ ಪರೀಕ್ಷೆ, ಇಷ್ಟು ಮುಗಿಸಿ ಹೊರಡುತ್ತಿದ್ದೆ. ಡಿಸ್ಕ್ ಮತ್ತು ರಿಯಾಕ್ಷನ್ ಆರ್ಮ್ ಚಳಿಗಾಲದ ಕೆಲಸ. ಬೆಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿ ಬನ್ನಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಾಡಿಯಲ್ಲಿ ಒಂದು ಹೆಚ್ಚುವರಿ ಬ್ಯಾಗ್, ಕೈಗೆ ಸಿಗುವ 12 ವೋಲ್ಟ್ ಪಂಪ್, ಒಂದಿಷ್ಟು ನೈಲಾನ್ ಪೈಪ್ ಮತ್ತು ಜೋಡಣೆ ಇರಲಿ. ಜೊತೆಗೆ ಬ್ಯಾಗಿನ ಜಾಗದಲ್ಲಿ ಎರಡು ತೋಳುಗಳ ನಡುವೆ ಕೂರುವ ಅಳತೆಗೆ ಮಾಡಿಸಿದ ಕಬ್ಬಿಣದ ತುಂಡೊಂದನ್ನು ಇಟ್ಟುಕೊಳ್ಳಿ. ಬ್ಯಾಗ್ ಒಡೆದ ಕಡೆ ಅದನ್ನು ಹಾಕಿಕೊಂಡು, ಹಿಂದೆ ಬರುವವರು ಎಷ್ಟೇ ಹಾರ್ನ್ ಹೊಡೆಯಲಿ, ನಿಧಾನವಾಗಿ ಹತ್ತಿರದ ವರ್ಕ್‌ಶಾಪ್ ತಲುಪಬಹುದು.