ರೂಮ್‌ಮೇಟ್ ಜೊತೆ ಸುಮ್ಮನಿರಬೇಡ

ನಿನ್ನ ಪ್ರಶ್ನೆ ಓದಿದೆ. ಹುಬ್ಬಳ್ಳಿಯಿಂದ ಆಗಸ್ಟ್‌ನಲ್ಲಿ ಓಹಾಯೊಗೆ ಡಿಗ್ರಿ ಓದಲು ಬರುತ್ತಿದ್ದೀಯ. ಡಾರ್ಮ್‌ನಲ್ಲಿ, ಅಂದರೆ ಕಾಲೇಜಿನ ಹಾಸ್ಟೆಲ್‌ನಲ್ಲಿ, ಅಮೆರಿಕನ್ ಹುಡುಗಿಯೊಬ್ಬಳ ಜೊತೆ ರೂಮು ಸಿಕ್ಕಿದೆ. ಅಷ್ಟು ಸಣ್ಣ ರೂಮಿನಲ್ಲಿ ಗುರುತಿಲ್ಲದವಳ ಜೊತೆ ವರ್ಷವಿಡೀ ಹೇಗಿರುವುದು, ದೇವರ ಫೋಟೊ ಇಡಬಹುದಾ, ನಮ್ಮ ಊಟದ ವಾಸನೆಗೆ ಬೇಜಾರಾಗುತ್ತಾರಾ ಅಂತ ಕೇಳಿದ್ದೀಯ. ನಾನು 2004ರಲ್ಲಿ ಗದಗದಿಂದ ಇದೇ ರಾಜ್ಯಕ್ಕೆ ಹೀಗೆಯೇ ಬಂದವಳು. ಈಗ ಕೊಲಂಬಸ್‌ನಲ್ಲಿ ಮನೆ, ಮಕ್ಕಳು. ನಿನಗಿಂತ ತುಂಬಾ ದೊಡ್ಡವಳು, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ನಮ್ಮ ರೂಮು ಹೆಚ್ಚುಕಡಿಮೆ 12 ಅಡಿಗೆ 15 ಅಡಿ ಇತ್ತು. ಎರಡು ಮಂಚ, ಎರಡು ಮೇಜು, ಎರಡು ಬೀರು. ಒಬ್ಬರು ಬಟ್ಟೆ ಮಡಚಲು ನಿಂತರೆ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿ ಕೂರಬೇಕು. ಡಾರ್ಮ್ ಹಾಸಿಗೆ ಬಹಳ ಕಡೆ ಟ್ವಿನ್ ಎಕ್ಸ್‌ಎಲ್ ಅಳತೆಯದು, 80 ಇಂಚು ಉದ್ದ. ಮಾಮೂಲಿ ಟ್ವಿನ್‌ಗಿಂತ 5 ಇಂಚು ಜಾಸ್ತಿ. ಬೆಡ್‌ಶೀಟ್ ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಜಾಗದ ಕಷ್ಟ ಇಷ್ಟೇ. ಎರಡು ವಾರದಲ್ಲಿ ರೂಢಿಯಾಗುತ್ತದೆ.

ರೂಢಿಯಾಗದ ವಿಷಯ ಬೇರೆ ಇದೆ. ಅದನ್ನು ನಿನಗೆ ಬಿಡಿಸಿ ಹೇಳಬೇಕು.

ನನ್ನ ರೂಮ್‌ಮೇಟ್ ರಾತ್ರಿ ಕಿಟಕಿ ತೆರೆದು ಮಲಗುತ್ತಿದ್ದಳು. ಅಕ್ಟೋಬರ್ ಬಂದರೂ ಮುಚ್ಚಲಿಲ್ಲ. ನಾನು ಸ್ವೆಟರ್, ಸಾಕ್ಸ್ ಹಾಕಿಕೊಂಡು, ಅಜ್ಜಿ ಹೊಲಿದ ಕೌದಿಯನ್ನು ತಲೆತನಕ ಹೊದ್ದು ಮಲಗುತ್ತಿದ್ದೆ. ನೆಗಡಿ ಆಯಿತು, ಜ್ವರ ಬಂತು. ಆದರೂ ಅವಳಿಗೆ ಒಂದು ಮಾತು ಹೇಳಲಿಲ್ಲ. ದಿನಾ ರಾತ್ರಿ ಕಾಲಿಂಗ್ ಕಾರ್ಡ್ ಹಾಕಿ ಅಮ್ಮನಿಗೆ ಫೋನ್ ಮಾಡಿ ಹೇಳುತ್ತಿದ್ದೆ. ಅವಳಿಂದ ಮೂರಡಿ ದೂರದಲ್ಲಿ ಕೂತು, ಅವಳಿಗೆ ತಿಳಿಯದ ಭಾಷೆಯಲ್ಲಿ, ಅವಳ ಮೇಲೇ ದೂರು. ಹೀಗೆ ಆರು ವಾರ.

ಒಂದು ಸಂಜೆ ಅವಳು ನನ್ನ ಕೌದಿ ನೋಡಿ ಇದೇನು ಅಂತ ಕೇಳಿದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಕೈಯಲ್ಲೇ ಹೊಲಿಯುತ್ತಾರೆ ಅಂದೆ. ಅವಳ ಮುಖ ಅರಳಿತು. ಅವಳ ಅಜ್ಜಿ ಹೋಮ್ಸ್ ಕೌಂಟಿಯವರಂತೆ. ಹಳೆಯ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಅನ್ನುವ ಕ್ರೈಸ್ತ ಜನ ತುಂಬಾ ಇರುವ, ಕೌದಿಯಂಥದ್ದೇ ಕ್ವಿಲ್ಟ್‌ಗೆ ಹೆಸರಾದ ಜಾಗ ಅದು. ಅವರ ಮನೆಯಲ್ಲೂ ಹೆಂಗಸರು ಸುತ್ತ ಕೂತು ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುತ್ತಿದ್ದರಂತೆ. ನನ್ನ ಮಂಚದ ಮೇಲೆ ಕೂತು ಅಜ್ಜಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ, ‘ನಿನಗೆ ದಿನಾ ಇಷ್ಟು ಚಳಿ ಆಗುತ್ತಾ?’ ಅಂದಳು. ಆಗ ಹೇಳಿಬಿಟ್ಟೆ.

ಅವಳು ಎದ್ದು ಕಿಟಕಿ ಮುಚ್ಚಿದಳು. ಕಣ್ಣಲ್ಲಿ ನೀರು. ‘ಮೊದಲೇ ಯಾಕೆ ಹೇಳಲಿಲ್ಲ?’ ಅಂದಳು. ಅವಳ ತಲೆದಿಂಬಿನ ಪಕ್ಕದಲ್ಲೇ ಹೀಟರ್ ಇತ್ತು. ಸೆಕೆಗೆ ನಿದ್ದೆ ಬರದೆ ಕಿಟಕಿ ತೆರೆಯುತ್ತಿದ್ದಳು. ಆ ರಾತ್ರಿಯೇ ಮಂಚ ಅದಲುಬದಲು ಮಾಡಿಕೊಂಡೆವು. ಹೀಟರ್ ಪಕ್ಕ ನಾನು, ಬಾಗಿಲ ಕಡೆ ಅವಳು. ಅಷ್ಟಕ್ಕೇ ಮುಗಿಯಿತು. ಆಮೇಲೆ ಅವಳೂ ಒಂದು ಮಾತು ಹೇಳಿದಳು. ನಾನು ಊರಿಗೆ ಫೋನ್ ಮಾಡುವಾಗ ಲೈನ್ ಸರಿಯಿಲ್ಲದೆ ಜೋರಾಗಿ ಮಾತಾಡುತ್ತಿದ್ದೆನಲ್ಲ, ಆಗ ಎಷ್ಟೋ ಸಲ ಅವಳು ಪುಸ್ತಕ ಎತ್ತಿಕೊಂಡು ಕೆಳಗಿನ ಲೌಂಜ್‌ಗೆ ಹೋಗಿ ಓದುತ್ತಿದ್ದಳು. ಆರು ವಾರ ಅವಳೂ ಸುಮ್ಮನಿದ್ದಳು.

ನಮ್ಮ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ’ ಅಂತ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಸರಿದು ಕೂರುತ್ತಾರೆ. ಕೇಳಿದ ಮೇಲೆ ಸರಿಯುವುದು, ಅಲ್ವಾ? ನಾನು ಯಾರೂ ಕೇಳದೆಯೇ ಸರಿದು, ಮೂಲೆಗೆ ಸೇರಿ, ಆಮೇಲೆ ಜಾಗ ಕೊಡಲಿಲ್ಲ ಅಂತ ಅವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಇನ್ನೊಂದು ಸೂಕ್ಷ್ಮ ಇದೆ. ಮೊದಲ ವಾರವೇ ಅವಳು ‘ಡು ಯು ಮೈಂಡ್ ಇಫ್ ಐ ಓಪನ್ ದ ವಿಂಡೋ?’ ಅಂತ ಕೇಳಿದ್ದಳು. ನಾನು ‘ನೋ ನೋ, ಇಟ್ಸ್ ಓಕೆ’ ಅಂದಿದ್ದೆ. ನಮ್ಮಲ್ಲಿ ಮನೆಗೆ ಬಂದವರು ಮೊದಲ ಸಲ ಚಹಾ ಬೇಡ ಅಂದರೆ ಯಾರೂ ನಂಬುವುದಿಲ್ಲ. ಮತ್ತೆ ಕೇಳುತ್ತೇವೆ, ಮುಖ ನೋಡುತ್ತೇವೆ. ಇಲ್ಲಿ ಎರಡನೇ ಸಲ ಕೇಳುವುದಿಲ್ಲ. ಓಕೆ ಅಂದರೆ ನಿಜವಾಗಿ ಓಕೆ. ಮತ್ತೆ ಮತ್ತೆ ಒತ್ತಾಯ ಮಾಡಿದರೆ ನಿನ್ನ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಅರ್ಥ. ಹಾಗಾಗಿ ಅವಳು ನಿನ್ನೆದುರೇ ಒಬ್ಬಳೇ ಪಿಜ್ಜಾ ತಿಂದರೂ ಅವಮಾನ ಅಂದುಕೊಳ್ಳಬೇಡ. ನಿನಗೆ ಬೇಕಿದ್ದರೆ ಕೇಳುತ್ತೀಯ ಅಂತಲೇ ಅವಳ ಲೆಕ್ಕ.

ಮೊದಲ ವಾರಗಳಲ್ಲಿ ನಿಮ್ಮ ಮಹಡಿಯ ಆರ್‌ಎ ಒಂದು ಕಾಗದ ಕೊಡಬಹುದು. ಆರ್‌ಎ ಅಂದರೆ ಅಲ್ಲೇ ಇರುವ ಸೀನಿಯರ್ ವಿದ್ಯಾರ್ಥಿ, ನಿಮ್ಮನ್ನು ನೋಡಿಕೊಳ್ಳುವವರು. ಕಾಗದದ ಹೆಸರು ರೂಮ್‌ಮೇಟ್ ಅಗ್ರಿಮೆಂಟ್. ಎಷ್ಟು ಗಂಟೆಗೆ ದೀಪ ಆರಿಸುವುದು, ಗೆಳೆಯರು ಬರಬಹುದಾ, ಯಾವ ವಸ್ತು ಹಂಚಿಕೊಳ್ಳುವುದು, ಎಲ್ಲ ಅದರಲ್ಲಿರುತ್ತದೆ. ನಾನು ಪ್ರತಿ ಸಾಲಿಗೂ ‘ಎನಿಥಿಂಗ್ ಈಸ್ ಫೈನ್’ ಅಂತ ಬರೆದಿದ್ದೆ. ನೀನು ಹಾಗೆ ಬರೆಯಬೇಡ. ರಾತ್ರಿ ಅವಳ ಬಾಯ್‌ಫ್ರೆಂಡ್ ರೂಮಿನಲ್ಲಿ ಉಳಿಯುವುದು ನಿನಗೆ ಸರಿ ಅನ್ನಿಸದಿದ್ದರೆ ಅಲ್ಲೇ ಬರೆ. ಅದು ನಿನ್ನ ರೂಮೂ ಹೌದು. ಹೇಳಲು ನಾಚಿಕೆ ಬೇಡ, ಯಾರೂ ತಪ್ಪು ತಿಳಿಯುವುದಿಲ್ಲ.

ಫೋನ್ ಹೊತ್ತನ್ನೂ ಅಲ್ಲೇ ಮಾತಾಡಿಕೋ. ಆಗಸ್ಟ್‌ನಲ್ಲಿ ನಮ್ಮೂರು ಓಹಾಯೊಗಿಂತ ಒಂಬತ್ತೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ 9 ಆದಾಗ ಅಲ್ಲಿ ಬೆಳಿಗ್ಗೆ ಆರೂವರೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದೆ ಹಾಕುತ್ತಾರೆ, ಅಂತರ ಹತ್ತೂವರೆ ಆಗುತ್ತದೆ. ಅವಳು ಓದುವ ಹೊತ್ತು, ನಿನ್ನ ಅಮ್ಮ ಚಹಾಕ್ಕಿಡುವ ಹೊತ್ತು, ಎರಡೂ ಒಂದೇ ಆಗುತ್ತವೆ. ಅವಳಿಗೆ ಮೊದಲೇ ಹೇಳಿದರೆ ಸಾಕು.

ದೇವರ ಫೋಟೊ ಧಾರಾಳವಾಗಿ ಇಡು. ನಿನ್ನ ಮೇಜು ನಿನ್ನದು. ಆದರೆ ಊದಿನಕಡ್ಡಿ, ದೀಪ ಹಚ್ಚಬೇಡ. ಬೆಂಕಿಯ ಭಯಕ್ಕೆ ಡಾರ್ಮ್‌ಗಳಲ್ಲಿ ಇವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಹೊಗೆಗೆ ಅಲಾರಂ ಹೊಡೆದರೆ ಜನವರಿಯ ಮಧ್ಯರಾತ್ರಿಯಾದರೂ ಕಟ್ಟಡದವರೆಲ್ಲ ಹಿಮದಲ್ಲಿ ಹೊರಗೆ ನಿಲ್ಲಬೇಕು. ಒಗ್ಗರಣೆಯೂ ರೂಮಿನಲ್ಲಿ ಆಗದು, ಎಲ್ಲರಿಗೂ ಸೇರಿದ ಅಡುಗೆಮನೆ ಇದೆಯಾ ನೋಡು. ರೈಸ್ ಕುಕ್ಕರ್‌ಗೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ನಿಯಮ, ಪಟ್ಟಿ ಓದಿಯೇ ತಗೋ.

ವಾಸನೆಯ ಬಗ್ಗೆ ಅಷ್ಟು ಚಿಂತೆ ಬೇಡ. ಡಬ್ಬಿ ಮುಚ್ಚಿಡು, ಸಾಕು. ನಾನು ಹೇಳುವ ಭಯ ಬೇರೆಯದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದೇ ತರುತ್ತೀಯ, ನನಗೆ ಗೊತ್ತು. ಆ ಡಬ್ಬಿ ತೆರೆಯುವ ಮೊದಲು ‘ನಿನಗೆ ಶೇಂಗಾ ಅಲರ್ಜಿ ಇದೆಯಾ?’ ಅಂತ ಅವಳನ್ನು ಕೇಳು. ಕೆಲವರಿಗೆ ಚೂರು ಬಾಯಿಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಇದ್ದರೆ ಚಟ್ನಿಯನ್ನು ರೂಮಿಗೆ ತರಲೇಬೇಡ. ಬಾಳಕದ ಮೆಣಸಿನಕಾಯಿ, ಅಗಸಿ ಚಟ್ನಿ ಇವೆಯಲ್ಲ. ಅಗಸಿ ಚಟ್ನಿಗೆ ಶೇಂಗಾ ಬೆರೆಸಬೇಡಿ ಅಂತ ಮನೆಯಲ್ಲಿ ಹೇಳು. ಸಾಧ್ಯವಾದರೆ ಈಗಲೇ ಅವಳಿಗೆ ಮೇಲ್ ಬರೆದು ಕೇಳು. ಮಾತು ಶುರು ಮಾಡಲು ಒಳ್ಳೆಯ ನೆಪವೂ ಆಗುತ್ತದೆ.

ಎಲ್ಲರಿಗೂ ನನಗೆ ಸಿಕ್ಕಂಥ ರೂಮ್‌ಮೇಟ್ ಸಿಗುವುದಿಲ್ಲ. ಬರೀ ಹಾಯ್, ಬೈ ಅಂತಲೇ ವರ್ಷ ಕಳೆದವರು ನನಗೆ ಗೊತ್ತು, ಅವರೂ ಚೆನ್ನಾಗಿಯೇ ಓದಿದರು. ಮಾತಾಡಿಯೂ ಸರಿಹೋಗದಿದ್ದರೆ ಆರ್‌ಎ ಹತ್ತಿರ ಹೋಗು. ರೂಮು ಬದಲಿಸಲು ದಾರಿ ಇರುತ್ತದೆ.

ನನ್ನನ್ನು ಅವಳು ಆ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವಳ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು. ನಾನು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿದ್ದೆ, ಆ ಹೊತ್ತಿಗೆ ಹೇಳುವುದು ಕಲಿತಿದ್ದೆ. ಅಜ್ಜಿ ಆಲೂಗಡ್ಡೆ, ಜೋಳ, ಕುಂಬಳಕಾಯಿಯ ಪೈ ನನಗಾಗಿ ಬೇರೆ ತೆಗೆದಿಟ್ಟಿದ್ದರು. ಗೆಣಸಿನ ಮೇಲಿದ್ದ ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆಯ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಇರುತ್ತದೆ ಅಂತ ಅವರೇ ಎಚ್ಚರಿಸಿದರು. ಊಟ ಆದ ಮೇಲೆ ನಾನು ತೆಗೆದುಕೊಂಡು ಹೋಗಿದ್ದ ಕೌದಿಯನ್ನು ಮಡಿಲ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು, ಅಂಚಿನ ಹೊಲಿಗೆಯನ್ನು ತುಂಬಾ ಹೊತ್ತು ನೋಡಿದರು.

ನಿನ್ನ ಸೂಟ್‌ಕೇಸ್‌ನಲ್ಲಿ 23 ಕಿಲೋ ಮಿತಿ ಇರಬಹುದು. ರೊಟ್ಟಿ ಸ್ವಲ್ಪ ಕಡಿಮೆ ಮಾಡಿ ಒಂದು ಕೌದಿ ಹಾಕಿಕೋ. ಆರ್‌ಎ ಆ ಕಾಗದ ಕೊಟ್ಟ ದಿನ, ಸಹಿ ಹಾಕುವ ಮೊದಲು ನನಗೆ ಬರೆ. ಇಬ್ಬರೂ ಕೂತು ನೋಡೋಣ.