‘ದಿ ಈಗಲ್ ಆಫ್ ದಿ ನೈನ್ತ್’ ಕಾದಂಬರಿಯ ಕಥೆ ನಿಜವೇ?

ಅರ್ಧ ನಿಜ, ಇನ್ನರ್ಧ ಕಲ್ಪನೆ. ರೋಸ್‌ಮೆರಿ ಸಟ್‌ಕ್ಲಿಫ್ ಅವರ ಈ ಕಾದಂಬರಿ (1954) ರೋಮನ್ನರ ಕಾಲದ ಬ್ರಿಟನ್ನಿನದು. ಕಾಲಿಗೆ ಪೆಟ್ಟಾಗಿ ಸೈನ್ಯ ಬಿಟ್ಟ ಮಾರ್ಕಸ್, ಅಪ್ಪನ ಜೊತೆ ಕಾಣೆಯಾದ ಒಂಬತ್ತನೇ ಲೀಜನ್ನಿನ ಹದ್ದಿನ ಲಾಂಛನ ಹುಡುಕಿಕೊಂಡು ರೋಮನ್ನರ ಉತ್ತರ ಗಡಿಯ ಹೇಡ್ರಿಯನ್ ಗೋಡೆ ದಾಟುತ್ತಾನೆ.

ಲೀಜನ್ ಅಂದರೆ ಸುಮಾರು 5,000 ಜನರ ಪಡೆ. ಒಂಬತ್ತನೆಯದು ಇದ್ದದ್ದು ನಿಜ. ಕ್ರಿ.ಶ. 108ರ ಹೊತ್ತಿಗೆ ಅದು ಯಾರ್ಕ್‌ನಲ್ಲಿತ್ತು ಅನ್ನೋದಕ್ಕೆ ಶಾಸನವಿದೆ. ಆದರೆ ಇಡೀ ಪಡೆ ಸ್ಕಾಟ್ಲೆಂಡಿನ ಮಂಜಿನಲ್ಲಿ ಸುಮ್ನೆ ಕರಗಿಹೋಯಿತು ಅನ್ನೋದನ್ನು ನಂಬೋದು ಕಷ್ಟ. ನೆದರ್ಲೆಂಡ್ಸಿನ ನೈಮೆಗನ್‌ನಲ್ಲೂ ಅದರ ಮುದ್ರೆ ಒತ್ತಿದ ಹೆಂಚು ಸಿಕ್ಕಿದೆ, ಅಂದರೆ ಪಡೆ ಅಲ್ಲಿಗೆ ಹೋಗಿದ್ದಿರಬಹುದು.

ಇನ್ನು ಹದ್ದು. 1866ರಲ್ಲಿ ಇಂಗ್ಲೆಂಡಿನ ಸಿಲ್ಚೆಸ್ಟರ್‌ನಲ್ಲಿ ರೆಕ್ಕೆ ಇಲ್ಲದ ಕಂಚಿನ ಹದ್ದು ಸಿಕ್ಕಿತ್ತು. ಕಥೆಗೆ ಅದೂ ಒಂದು ಬೀಜ. ಪಾಪ, ಅದು ಸೈನ್ಯದ್ದೇ ಅಲ್ಲ, ಯಾವುದೋ ಪ್ರತಿಮೆಯ ತುಣುಕು ಅಂತ ಈಗಿನವರ ಅಂದಾಜು. ರೆಡಿಂಗ್ ಮ್ಯೂಸಿಯಂನಲ್ಲಿದೆ.