ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊತ್ತಂಬರಿಯ ಸೊಪ್ಪೂ ಬೀಜವೂ

ಸಾರಿನ ಪುಡಿಯನ್ನು ಕುರಿತು ಹಿಂದೊಮ್ಮೆ ಉತ್ತರಿಸಿದ ಮೇಲೆ ಕೊತ್ತಂಬರಿಯೊಂದರ ಬಗ್ಗೆಯೇ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಸಾರಿಗೆ ಹುರಿದ ಕೊತ್ತಂಬರಿ ಬೀಜದ ಪುಡಿಯನ್ನು ಹಾಕಿರುತ್ತೇವೆ, ಇಳಿಸುವಾಗ ಮತ್ತೆ ಸೊಪ್ಪನ್ನೂ ಹಾಕುತ್ತೇವೆ. ಒಂದೇ ಗಿಡದ್ದಾದ ಮೇಲೆ ಎರಡೂ ಏಕೆ ಬೇಕು? ಸೊಪ್ಪು ಸಿಗದ ದಿನ ಪುಡಿಯನ್ನೇ ಒಂದು ಚಮಚ ಹೆಚ್ಚಿಗೆ ಹಾಕಿದರೆ ಸಾಲದೆ? (ಶಿವಮೊಗ್ಗ)

ಸಾಲದು. ಗಿಡ ಒಂದೇ ಆದರೂ ಅಡುಗೆಯ ಲೆಕ್ಕದಲ್ಲಿ ಇವು ಎರಡು ಬೇರೆ ಪದಾರ್ಥಗಳು. ಬೀಜದ ಪರಿಮಳಕ್ಕೆ ಮುಖ್ಯ ಕಾರಣ ಅದರ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಲಿನಲೂಲ್ ಎಂಬ ವಸ್ತು. ಸೊಪ್ಪಿನ ಪರಿಮಳವಾದರೋ ಆಲ್ಡಿಹೈಡ್ ಎಂಬ ಬೇರೊಂದು ಗುಂಪಿಗೆ ಸೇರಿದ್ದು. ಸೊಪ್ಪಿನ ಘಮ ಬಿಸಿಗೆ ನಿಲ್ಲುವುದಿಲ್ಲ, ಆದ್ದರಿಂದಲೇ ನಮ್ಮ ಹಿರಿಯರು ಅದನ್ನು ಕುದಿಸದೆ, ಒಲೆ ಆರಿಸಿದ ಮೇಲೆ ಹೆಚ್ಚಿ ಹಾಕಿ ಮುಚ್ಚಳ ಮುಚ್ಚುವ ಕ್ರಮವನ್ನು ಇಟ್ಟುಕೊಂಡರು. ಬೀಜ ಇದಕ್ಕೆ ತಿರುಗುಮುರುಗು: ಹುರಿದಷ್ಟೂ (ಕಪ್ಪಾಗದಂತೆ) ಅರಳುತ್ತದೆ, ಕುದಿಯಲ್ಲಿ ಬೇಳೆಯೊಂದಿಗೆ ಬೆರೆಯುತ್ತದೆ. ಅದರ ಸಿಪ್ಪೆಯ ನಾರು ನೀರನ್ನು ಹೀರಿಕೊಂಡು ಹುಳಿಗೆ, ಗೊಜ್ಜಿಗೆ ಮಂದತನ ಕೊಡುವುದರಿಂದ, ಸೊಪ್ಪಿಲ್ಲವೆಂದು ಪುಡಿಯನ್ನು ಹೆಚ್ಚಿಸಿದರೆ ತಿಳಿಸಾರು ಗಟ್ಟಿಯಾದೀತೇ ಹೊರತು ಸೊಪ್ಪಿನ ಘಮ ಬಾರದು. ಅಂಥ ದಿನ ಒಗ್ಗರಣೆಗೆ ನಾಲ್ಕು ಕರಿಬೇವಿನ ಎಲೆ ಹೆಚ್ಚು ಹಾಕುವುದೇ ಮೇಲು.

ಇನ್ನೊಂದು ಮಾತು. ಅನೇಕರು ದಂಟನ್ನು ಕಿತ್ತು ಬಿಸಾಡುತ್ತಾರೆ, ಇದು ನಷ್ಟ. ಎಳೆಯ ದಂಟಿನಲ್ಲೂ ಪರಿಮಳವಿದೆ. ತೆಂಗಿನತುರಿ, ಹಸಿಮೆಣಸು, ಹುಣಸೆಹಣ್ಣಿನೊಂದಿಗೆ ಚಟ್ನಿಗೆ ಅರೆಯುವಾಗ ಅದು ಸೊಪ್ಪಿನಷ್ಟೇ ಸಲ್ಲುತ್ತದೆ.

ಮನೆಯಲ್ಲಿ ಹವೀಜ (ಕೊತ್ತಂಬರಿ ಬೀಜ) ಹುರಿದು ಮಾಡಿಟ್ಟ ಪುಡಿ ಬೇಗ ಸಪ್ಪೆಯಾಗುತ್ತದೆ. ಅಂಗಡಿಯಿಂದ ತರೋಣವೆಂದರೆ ಕಲಬೆರಕೆಯ ಭಯ. ಏನು ಮಾಡಬೇಕು? (ಧಾರವಾಡ)

ಬೀಜ ಇಡಿಯಾಗಿರುವವರೆಗೆ ತೈಲ ಒಳಗೇ ಉಳಿಯುತ್ತದೆ. ಪುಡಿಯಾದ ಕ್ಷಣದಿಂದ ಗಾಳಿಗೆ ಹಾರಿಹೋಗಲು ಆರಂಭಿಸುತ್ತದೆ. ಆದ್ದರಿಂದ ವರ್ಷಕ್ಕಾಗುವಷ್ಟು ಬೀಜವನ್ನು ಬಿಸಿಲಿಗೆ ಹಾಕಿ ತುಂಬಿಟ್ಟುಕೊಳ್ಳಿ, ಪುಡಿಯನ್ನು ಮಾತ್ರ ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ಮಾಡಿ. ಹುರಿಯುವಾಗ ಕೊತ್ತಂಬರಿ, ಜೀರಿಗೆ, ಮೆಂತ್ಯಗಳನ್ನು ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಕೊತ್ತಂಬರಿ ಬೆಚ್ಚಗಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಒಂದೊಂದನ್ನೂ ಸಣ್ಣ ಉರಿಯಲ್ಲಿ ಬೇರೆಬೇರೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಬೇಕು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಮುಗ್ಗುಲು ವಾಸನೆ ಹಿಡಿಯುತ್ತದೆ.

ಅಂಗಡಿಯ ಪುಡಿಯ ಬಗ್ಗೆ ಅನುಮಾನವಿದ್ದರೆ ಒಂದು ಲೋಟ ನೀರಿನ ಮೇಲೆ ಸ್ವಲ್ಪ ಉದುರಿಸಿ ನೋಡಿ. ಮರದ ಹೊಟ್ಟು ಅಥವಾ ತೌಡು ಬೆರೆತಿದ್ದರೆ ಅದು ಮೇಲೆ ತೇಲುತ್ತದೆ.

ರಾತ್ರಿ ನೆನೆಸಿದ ಕೊತ್ತಂಬರಿ ಬೀಜದ ನೀರನ್ನು ಬೆಳಿಗ್ಗೆ ಕುಡಿದರೆ ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನನಗೆ ಎರಡೂ ಇವೆ. ಮಾತ್ರೆ ಬಿಡಬಹುದೇ? (ಮೈಸೂರು)

ದಯವಿಟ್ಟು ಬಿಡಬೇಡಿ. ಈ ನೀರು ಹೊಸದೇನಲ್ಲ. ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲಿ ಇದಕ್ಕೆ ‘ಹಿಮ’ ಎಂಬ ಹೆಸರಿದೆ: ಜಜ್ಜಿದ ದ್ರವ್ಯ ಒಂದು ಪಾಲಾದರೆ ತಣ್ಣೀರು ಆರು ಪಾಲು, ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸೋಸಬೇಕು. ಕೊತ್ತಂಬರಿಯ ಹಿಮವನ್ನು ಸಕ್ಕರೆ ಬೆರೆಸಿ ಕುಡಿಯಲು ಅಲ್ಲಿ ಹೇಳಿರುವುದು ಮುಖ್ಯವಾಗಿ ಒಳಗಿನ ಉರಿ ಮತ್ತು ಬಾಯಾರಿಕೆಗೆ. ಬೇಸಿಗೆಯಲ್ಲಿ ಅದನ್ನು ಕುಡಿದವರಿಗೆ ಹಿತವೆನಿಸುವುದು ಸಹಜವೇ. ಆದರೆ ಅದೇ ನೀರು ಥೈರಾಯ್ಡ್ ಗ್ರಂಥಿಯ ಕೊರತೆಯನ್ನು ತುಂಬುತ್ತದೆ ಎನ್ನಲು ಆಧಾರವಿಲ್ಲ. ಸಕ್ಕರೆಯ ಮಟ್ಟ ಇಳಿದದ್ದನ್ನು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ ನಿಜ. ಮನುಷ್ಯರಲ್ಲಿ ಮಾತ್ರೆಯ ಜಾಗಕ್ಕೆ ಅದನ್ನು ತರುವಷ್ಟು ಪುರಾವೆ ಅದಲ್ಲ. ತಮ್ಮ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೇರೇನನ್ನೂ ಸೇವಿಸಬಾರದೆಂದು ವೈದ್ಯರು ಹೇಳಿರುತ್ತಾರೆ. ಎದ್ದ ಕೂಡಲೇ ಕೊತ್ತಂಬರಿ ನೀರು ಕುಡಿಯುವ ಉತ್ಸಾಹದಲ್ಲಿ ಈ ಕ್ರಮವೇ ತಪ್ಪಿಹೋದರೆ ಇರುವ ಔಷಧದ ಗುಣವೂ ಕುಂದುತ್ತದೆ. ಕುಡಿಯಲೇಬೇಕೆಂದಿದ್ದರೆ ಸಕ್ಕರೆ ಬೆರೆಸದೆ, ಸಂಜೆ ಕುಡಿಯಿರಿ. ಕರಾವಳಿಯ ಕೊತ್ತಂಬರಿ–ಜೀರಿಗೆ ಕಷಾಯವೂ ಕಾಫಿಯ ಬದಲಿಗೆ ಒಳ್ಳೆಯದೇ, ಆದರೆ ತಾವು ಬೆಲ್ಲದ ಲೆಕ್ಕವನ್ನು ಮರೆಯುವಂತಿಲ್ಲ.

ಹಾಗಾದರೆ ಕೊತ್ತಂಬರಿಯಿಂದ ಪ್ರಯೋಜನವೇ ಇಲ್ಲವೇ ಎಂದರೆ, ಇದೆ, ಆದರೆ ಅದು ತಿನ್ನುವ ಪ್ರಮಾಣವನ್ನು ಅವಲಂಬಿಸಿದೆ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 27 ಮಿಲಿಗ್ರಾಂ ಸಿ ಜೀವಸತ್ವ, 310 ಮೈಕ್ರೋಗ್ರಾಂನಷ್ಟು ಕೆ ಜೀವಸತ್ವ, ಜೊತೆಗೆ ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕ್ಯಾರೋಟಿನ್ ಧಾರಾಳವಾಗಿವೆ. ಸಾರಿನ ಮೇಲೆ ಉದುರಿಸಿದ ಸೊಪ್ಪು ಒಬ್ಬರ ಪಾಲಿಗೆ 5 ಗ್ರಾಂ ಬಂದರೆ ಹೆಚ್ಚು; ಅದರಿಂದ ಒಂದೂವರೆ ಮಿಲಿಗ್ರಾಂ ಸಿ ಜೀವಸತ್ವವೂ ಸಿಗದು. ಅದೇ ಸೊಪ್ಪನ್ನು ಮುಷ್ಟಿ ತುಂಬ ಹಾಕಿ ಚಟ್ನಿಯನ್ನೋ ಹಸಿ ತಂಬುಳಿಯನ್ನೋ ಮಾಡಿದರೆ ಲೆಕ್ಕ ಬದಲಾಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ನೆರವಾಗುವುದರಿಂದ, ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸುವುದಾಗಲಿ ಪೂರ್ತಿ ನಿಲ್ಲಿಸುವುದಾಗಲಿ ಮಾಡದೆ, ವೈದ್ಯರಿಗೆ ತಿಳಿಸಿ ಒಂದೇ ಸಮನಾಗಿ ತಿನ್ನಬೇಕು.

ಅಮೆರಿಕದಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಆ ದೇಶದವಳೇ ಆದ ಸೊಸೆ ಕೊತ್ತಂಬರಿ ಸೊಪ್ಪು ಸೋಪಿನಂತೆ ನಾರುತ್ತದೆ ಎನ್ನುತ್ತಾಳೆ. ಇದು ನೆಪವೇ?

ಖಂಡಿತ ನೆಪವಲ್ಲ. ಸೋಪಿನಲ್ಲಿರುವಂಥ ಆಲ್ಡಿಹೈಡ್‌ಗಳೇ ಸೊಪ್ಪಿನಲ್ಲೂ ಇವೆ. ಅವುಗಳ ವಾಸನೆಯನ್ನು ತೀಕ್ಷ್ಣವಾಗಿ ಹಿಡಿಯುವುದಕ್ಕೂ ಓಆರ್6ಎ2 ಎಂಬ ಘ್ರಾಣದ ಜೀನಿಗೂ ನಂಟಿರುವುದನ್ನು 2012ರಲ್ಲಿ ಸಂಶೋಧಕರು ಗುರುತಿಸಿದರು. ಜೀನೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ, ಚಿಕ್ಕಂದಿನಿಂದ ತಿಂದ ರೂಢಿಯೂ ಸೇರುತ್ತದೆ. ಸೊಪ್ಪನ್ನು ನುಣ್ಣಗೆ ಅರೆದು ಸ್ವಲ್ಪ ಹೊತ್ತು ಬಿಟ್ಟರೆ ಆ ವಾಸನೆ ತಗ್ಗುವುದರಿಂದ ಚಟ್ನಿ ಆಕೆಗೆ ಒಪ್ಪಿಗೆಯಾಗಬಹುದು. ಬೀಜದ ಪುಡಿ ಹಾಕಿದ ಸಾರಿಗಂತೂ ತೊಂದರೆಯಿಲ್ಲ. ಸೊಪ್ಪನ್ನು ಬೇರೆ ಬಟ್ಟಲಲ್ಲಿಟ್ಟು ಬೇಕಾದವರು ಹಾಕಿಕೊಳ್ಳಲಿ.

ಕುಂಡದಲ್ಲಿ ಬಿತ್ತಿದ ಕೊತ್ತಂಬರಿ ಒಮ್ಮೆ ಹುಟ್ಟಲೇ ಇಲ್ಲ, ಇನ್ನೊಮ್ಮೆ ಗೇಣುದ್ದವಾಗುವಷ್ಟರಲ್ಲಿ ಹೂ ಬಿಟ್ಟಿತು. (ಬೆಂಗಳೂರು)

ನಾವು ಒಂದು ಬೀಜವೆಂದುಕೊಳ್ಳುವುದು ವಾಸ್ತವದಲ್ಲಿ ಎರಡು ಬೀಜಗಳ ಜೋಡಿ. ಹುರಿಯದ, ತೀರ ಹಳೆಯದಲ್ಲದ ಕಾಳನ್ನು ಬಟ್ಟೆಯ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿರಿ. ಎಂಟರಿಂದ ಹದಿನೈದು ದಿನದೊಳಗೆ ಮೊಳಕೆ ಕಾಣುತ್ತದೆ. ಇದಕ್ಕೆ ತಾಯಿಬೇರು ಇರುವುದರಿಂದ ಕುಂಡ ಆಳವಾಗಿರಬೇಕು, ಸಸಿಯನ್ನು ಕಿತ್ತು ನೆಡಬಾರದು. ಸೆಖೆಗೆ ಈ ಗಿಡ ಬೇಗ ಹೂವಿಗೆ ತಿರುಗುತ್ತದೆ. ಆದ್ದರಿಂದ ಮಾರ್ಚಿಯಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ನೆರಳಿರುವ ಕಡೆ ಇಟ್ಟು, ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುತ್ತಾ, ನಲವತ್ತು ದಿನದ ಸುಮಾರಿಗೆ ಕೊಯ್ದುಬಿಡಿ.

ಈಗ ಹೂ ಬಂದಿರುವ ಗಿಡವನ್ನು ಕೀಳಬೇಡಿ. ಅದರ ಹಸಿರು ಕಾಯಿಯಲ್ಲಿ ಸೊಪ್ಪಿನ ಘಮವೂ ಬೀಜದ ಘಮವೂ ಒಟ್ಟಿಗೆ ಇರುತ್ತವೆ, ಮತ್ತು ಅದು ಮಾರುಕಟ್ಟೆಯಲ್ಲಿ ಸಿಗುವುದು ಅಪರೂಪ. ನಾಲ್ಕು ಕಾಯಿ ಜಜ್ಜಿ ಸೌತೆಕಾಯಿಯ ಮೊಸರುಗೊಜ್ಜಿಗೆ ಹಾಕಿ ನೋಡಿ.